ಬೊಲೊನ್ಯಾದಿಂದ ಬೆಟ್ಟದ ಕಡೆಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ದನಿ ಈಗ ನಿಮ್ಮ ಮನೆಯೊಳಗೆ ಬಂದಿದೆ. ಯಾರೋ ಅಡುಗೆಮನೆಯಲ್ಲಿ ಕೇಳುತ್ತಿದ್ದೀರಿ, ಯಾರೋ ಹೊಲದ ಬದುವಿನ ಮೇಲೆ ಕೂತು ಕೇಳುತ್ತಿದ್ದೀರಿ. ನಮ್ಮ ನಡುವೆ ತಂತಿ ಇಲ್ಲ. ಎಷ್ಟೋ ಗುಡ್ಡಗಳಿವೆ, ಆದರೂ ದನಿ ಬರುತ್ತಿದೆ. ನೂರಮೂವತ್ತು ವರ್ಷದ ಹಿಂದೆ ಹೀಗೆ ತಂತಿಯಿಲ್ಲದೆ ಒಂದು ಸಂದೇಶ ಗುಡ್ಡ ದಾಟಿತ್ತು. ಆ ಗುಡ್ಡದ ಪಕ್ಕದಲ್ಲೇ ಒಂದು ಕಾಲುದಾರಿ ಹೋಗುತ್ತದೆ. ಇಟಲಿಯ ಬೊಲೊನ್ಯಾ ಊರಿನಿಂದ ಹೊರಟು, ಅಪೆನ್ನೀನ್ ಬೆಟ್ಟಗಳನ್ನು ಹತ್ತಿ ಇಳಿದು, ಫ್ಲಾರೆನ್ಸ್ ತಲುಪುವ ದಾರಿ ಅದು. ಉದ್ದ ಸುಮಾರು 130 ಕಿಲೋಮೀಟರ್. ಅದಕ್ಕೆ ‘ವಿಯಾ ದೆಲಿ ದೇಯಿ’ ಎಂದು ಹೆಸರು. ಅಂದರೆ ದೇವರುಗಳ ದಾರಿ. ಒಂದು ಏಪ್ರಿಲ್‌ನಲ್ಲಿ ನಾನು ಆ ದಾರಿಯಲ್ಲಿ ನಡೆದೆ. ಇವತ್ತು ನಿಮ್ಮನ್ನೂ ಕರೆದುಕೊಂಡು ಹೋಗಬೇಕು ಅಂತ ಆಸೆ.

ಬೊಲೊನ್ಯಾ ಬಹಳ ಹಳೆಯ ಊರು. ಅಲ್ಲಿನ ವಿಶ್ವವಿದ್ಯಾಲಯ ಶುರುವಾದದ್ದು 1088ರಲ್ಲಿ ಎನ್ನುತ್ತಾರೆ. ಊರಿನ ಬೀದಿಬೀದಿಯಲ್ಲೂ ಮನೆಗಳ ಮುಂದೆ ಕಮಾನಿನ ಚಾವಡಿಗಳಿವೆ. ಪೋರ್ಟಿಕೊ ಅಂತ ಕರೆಯುತ್ತಾರೆ. ನಮ್ಮ ಹಳ್ಳಿಯ ಜಗಲಿಗಳನ್ನೆಲ್ಲ ಒಂದಕ್ಕೊಂದು ಸೇರಿಸಿ, ಮೇಲೆ ಮಾಡು ಹಾಕಿದರೆ ಹೇಗಿರುತ್ತದೋ ಹಾಗೆ. ಹಳೆಯ ಊರಿನೊಳಗೇ ಇವು ಸುಮಾರು 38 ಕಿಲೋಮೀಟರ್ ಆಗುತ್ತವೆ. ಮಳೆ ಬಂದರೂ ಕೊಡೆ ಬೇಡ. 2021ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಚಾರಣ ಎಂದರೆ ಮೊದಲು ಊರಾಚೆ ವಾಹನದಲ್ಲಿ ಹೋಗಿ, ಆಮೇಲೆ ನಡೆಯುವುದು ಅಲ್ವಾ? ಇಲ್ಲಿ ಹಾಗಲ್ಲ. ಊರಿನ ನಟ್ಟನಡುವಿನ ಪಿಯಾಜಾ ಮಜ್ಜೋರೆ ಚೌಕದಲ್ಲಿ ಬೆಳಿಗ್ಗೆ ಕಾಫಿ ಕುಡಿದು, ಬೆನ್ನಿಗೆ ಚೀಲ ಹಾಕಿಕೊಂಡು ಹೊರಟರೆ ಸಾಕು. ಚಾವಡಿಯೇ ನಿಮ್ಮನ್ನು ಗುಡ್ಡ ಹತ್ತಿಸುತ್ತದೆ. ಹಳೆಯ ಕೋಟೆಬಾಗಿಲಿನಿಂದ ಸಾನ್ ಲುಕಾ ಗುಡಿಯವರೆಗೆ, ಸುಮಾರು ನಾಲ್ಕು ಕಿಲೋಮೀಟರ್, ಬಿಡದೆ ಕಮಾನುಗಳು. ಒಟ್ಟು 666. ಅರ್ಧ ದಾರಿ ಸಮತಟ್ಟು. ಮೆಲೊಂಚೆಲ್ಲೊ ಎಂಬ ದೊಡ್ಡ ಕಮಾನು ದಾಟಿದ ಮೇಲೆ ಏರು ಶುರು. ಒಮ್ಮೆ ಮೆಟ್ಟಿಲು, ಒಮ್ಮೆ ಇಳಿಜಾರು ನೆಲ. ಪಕ್ಕದಲ್ಲಿ ಓಟದ ಅಭ್ಯಾಸ ಮಾಡುವ ಹುಡುಗರು, ಜಪಮಣಿ ಹಿಡಿದ ಅಜ್ಜಿಯರು, ನಾಯಿ ಕರೆದುಕೊಂಡು ಬಂದವರು. ಎಲ್ಲರದ್ದೂ ಅದೇ ದಾರಿ.

ಇಷ್ಟು ಉದ್ದದ ಚಾವಡಿ ಯಾಕೆ ಕಟ್ಟಿದರು? ಮಳೆಗಾಗಿ. 1433ರಲ್ಲಿ ಮಳೆ ನಿಲ್ಲದೆ ಸುರಿದು ಬೆಳೆ ಕೊಳೆಯತೊಡಗಿತಂತೆ. ಜನ ಗುಡ್ಡದ ಮೇಲಿದ್ದ ಮಾತೆ ಮೇರಿಯ ಚಿತ್ರವನ್ನು ಮೆರವಣಿಗೆಯಲ್ಲಿ ಊರಿಗೆ ಇಳಿಸಿದರು. ಮಳೆ ನಿಂತಿತು ಎಂಬುದು ಅವರ ನಂಬಿಕೆ. ಅಂದಿನಿಂದ ಆ ತಾಯಿ ವರ್ಷಕ್ಕೊಮ್ಮೆ ಊರಿಗೆ ಬರುತ್ತಾಳೆ. ಮಳೆಗಾಗಿ ದೇವರನ್ನು ಹೊರಗೆ ಕರೆತರುವ ಊರುಗಳನ್ನು ನಾವು ಬಲ್ಲೆವು. ಇವರು ಮಳೆ ನಿಲ್ಲಲಿ ಎಂದು ಕರೆತಂದರು. ಬರುವ ದಾರಿಯಲ್ಲಿ ತಾಯಿಯೂ ಭಕ್ತರೂ ನೆನೆಯಬಾರದು ಎಂದು 1674ರಲ್ಲಿ ಕಮಾನು ಕಟ್ಟಲು ಶುರು ಮಾಡಿದರು. ಒಂದೊಂದು ಕಮಾನಿಗೂ ಯಾರೋ ಒಬ್ಬರು ಹಣ ಕೊಟ್ಟಿದ್ದಾರೆ. ಶ್ರೀಮಂತರ ಮನೆತನಗಳು, ಕಸುಬುದಾರರ ಸಂಘಗಳು. ಗೋಡೆಯ ಮೇಲೆ ಮಾಸಿದ ಅಕ್ಷರಗಳಲ್ಲಿ ಹೆಸರುಗಳಿವೆ. ಗುಡ್ಡದ ಮೇಲಕ್ಕೆ ಸಾಮಾನು ಸಾಗಿಸುವುದು ಕಷ್ಟವಾದಾಗ, 1677ರ ಅಕ್ಟೋಬರ್‌ನಲ್ಲಿ ಊರ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಅದರ ನೆನಪಿಗೆ ಈಗಲೂ ಅಲ್ಲಿ ಮಕ್ಕಳು ಸಾಲು ನಿಲ್ಲುತ್ತಾರೆ.

ಏದುಸಿರು ಬಿಡುತ್ತಾ ಹತ್ತುವಾಗ ನಾನು ಒಂದು ಕಂಬಕ್ಕೆ ಕೈ ಊರಿ ನಿಂತೆ. ಆ ಕಂಬದ ಬಣ್ಣ ನಮ್ಮ ಮೊಣಕೈ ಎತ್ತರದಲ್ಲಿ ಮಾತ್ರ ಸವೆದಿತ್ತು. ನನ್ನ ಹಾಗೆ ಎಷ್ಟು ಜನ ಅಲ್ಲೇ ಕೈ ಊರಿದ್ದಾರೋ.

ಗುಡಿಯ ಹಿಂದಿನಿಂದ ಕಾಡಿನ ದಾರಿಯಲ್ಲಿ ಇಳಿದರೆ ಕಸಲೆಕ್ಕಿಯೊ ಎಂಬ ಊರು, ರೇನೊ ನದಿ. ನದಿಗೆ ಅಡ್ಡಲಾಗಿ ಬಹಳ ಹಳೆಯ ಒಡ್ಡು ಇದೆ. ಅಲ್ಲಿಂದ ಕಾಲುವೆ ತೆಗೆದು ಬೊಲೊನ್ಯಾಕ್ಕೆ ನೀರು ಒಯ್ದಿದ್ದರು. ಆ ನೀರಿನ ಬಲದಿಂದ ರೇಷ್ಮೆ ನೂಲು ಹುರಿ ಮಾಡುವ ಗಿರಣಿಗಳು ಓಡುತ್ತಿದ್ದವು. ಹಳ್ಳಿಹಳ್ಳಿಯಲ್ಲೂ ರೇಷ್ಮೆ ಹುಳು ಸಾಕುತ್ತಿದ್ದರು. ಈ ರೇಷ್ಮೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ನದಿಯ ದಂಡೆಯಲ್ಲಿ ಮುಂದೆ ಹೋದರೆ ಪೊಂಟೆಕ್ಕಿಯೊ. ದಾರಿಯಿಂದ ಸ್ವಲ್ಪ ಪಕ್ಕಕ್ಕೆ ವಿಲ್ಲಾ ಗ್ರಿಫೋನೆ ಎಂಬ ಮನೆ. ಆ ಮೊದಲ ತಂತಿಯಿಲ್ಲದ ಸಂದೇಶ ಕಳಿಸಿದ ಗುಲಿಯೆಲ್ಮೊ ಮಾರ್ಕೋನಿ ಬೆಳೆದ ಮನೆ ಅದು. ಒಳಗೆ ಮ್ಯೂಸಿಯಂ ಇದೆ, ಮೊದಲೇ ತಿಳಿಸಿ ಹೋಗುವುದು ಒಳ್ಳೆಯದು. ಮನೆಯ ಅಟ್ಟದ ಮೇಲೆ ಒಂದು ಕೋಣೆ. ಅದನ್ನು ‘ಹುಳುಗಳ ಕೋಣೆ’ ಅನ್ನುತ್ತಾರೆ. ರೇಷ್ಮೆ ಹುಳು ಸಾಕುತ್ತಿದ್ದ ಜಾಗ! ನಮ್ಮ ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಆ ಕೋಣೆಯ ಬಿಸುಪು, ಹಿಪ್ಪುನೇರಳೆ ಎಲೆಯ ವಾಸನೆ ವಿವರಿಸಬೇಕಾಗಿಲ್ಲ. ಅಂಥ ಕೋಣೆಯಲ್ಲಿ ಇಪ್ಪತ್ತೊಂದು ವರ್ಷದ ಹುಡುಗ ತಂತಿ, ಬ್ಯಾಟರಿ, ತಗಡು ಇಟ್ಟುಕೊಂಡು ಕೂತಿದ್ದ.

1895ರ ಬೇಸಿಗೆ. ಮೊದಲು ಕೋಣೆಯ ಈ ತುದಿಯಿಂದ ಆ ತುದಿಗೆ. ಆಮೇಲೆ ಕಿಟಕಿಯಾಚೆ ತೋಟಕ್ಕೆ. ಅಣ್ಣ ಅಲ್ಫೊನ್ಸೊ ಗ್ರಾಹಕ ಯಂತ್ರ ಹೊತ್ತು ದೂರ ಹೋಗಿ ನಿಲ್ಲುತ್ತಿದ್ದ. ಸಂದೇಶ ಬಂದರೆ ಕರವಸ್ತ್ರ ಬೀಸುತ್ತಿದ್ದ. ಕಣ್ಣಿಗೆ ಕಾಣುವಷ್ಟು ದೂರ ಇದ್ದಾಗ ಅದು ಸರಿ. ಎದುರಿನ ಚೆಲೆಸ್ತೀನಿ ಗುಡ್ಡದ ಆಚೆ ಹೋದರೆ? ಕರವಸ್ತ್ರ ಕಾಣುವುದಿಲ್ಲ. ಅದಕ್ಕೆ ಬಂದೂಕು ಒಯ್ದರು. ಮಾರ್ಕೋನಿ ಒಂದು ತಗಡನ್ನು ಕಂಬದ ಮೇಲೆ ಎತ್ತರಕ್ಕೆ ಕಟ್ಟಿ, ಇನ್ನೊಂದನ್ನು ನೆಲಕ್ಕೆ ಜೋಡಿಸಿದ್ದ. ಆಂಟೆನಾ ಮತ್ತು ಅರ್ಥಿಂಗ್, ಆ ಎರಡರಿಂದಲೇ ದೂರ ಹೆಚ್ಚಿತು. ಸಂದೇಶ ಕಳಿಸುವ ಕೀಲಿಯನ್ನು ಮೂರು ಸಲ ಒತ್ತಿದ. ಮೂರು ಚುಕ್ಕಿ, ಅಂದರೆ ಮೋರ್ಸ್ ಸಂಕೇತದಲ್ಲಿ ‘ಎಸ್’ ಅಕ್ಷರ. ಗುಡ್ಡದ ಆಚೆಯಿಂದ ಗುಂಡಿನ ಸದ್ದು ಕೇಳಿಸಿತು. ಸುಮಾರು ಎರಡು ಕಿಲೋಮೀಟರ್ ದಾಟಿತ್ತು.

ಆ ಕಿಟಕಿಯ ಬಳಿ ನಾನು ನಿಂತು ನೋಡಿದೆ. ಗುಡ್ಡ ಏನೂ ದೊಡ್ಡದಲ್ಲ. ನಮ್ಮೂರ ಪಕ್ಕದ ಕರಿಕಲ್ಲು ಗುಡ್ಡದಷ್ಟೇ. ಹಸಿರು ಹುಲ್ಲು, ನಾಲ್ಕು ಮರ. ಆದರೆ ಬಾನುಲಿಯಲ್ಲಿ ಮಾತಾಡುವ ನನಗೆ ಆ ಗುಡ್ಡ ಯಾವ ಹಿಮಶಿಖರಕ್ಕೂ ಕಡಿಮೆ ಅನ್ನಿಸಲಿಲ್ಲ. ಆಗಿನ ಕಾಲದಲ್ಲೇ ಕೋಲ್ಕತ್ತಾದಲ್ಲಿ ಜಗದೀಶಚಂದ್ರ ಬೋಸರು ಇಂಥ ಅಲೆಗಳನ್ನು ಗೋಡೆಯಾಚೆ ಕಳಿಸಿ ತೋರಿಸಿದ್ದರು. ಅದನ್ನೂ ಇಲ್ಲಿ ಹೇಳಲೇಬೇಕು. ಆ ಗುಂಡಿನ ಸದ್ದಾಗಿ ಸರಿಯಾಗಿ ನಲವತ್ತು ವರ್ಷಕ್ಕೆ, 1935ರಲ್ಲಿ, ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ನಿಲಯ ಶುರು ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಆ ಮನೆಯಿಂದ ಬಂತು. ಅಲ್ಲೊಂದು ಮನೆ, ಇಲ್ಲೊಂದು ಮನೆ. ಮಾರ್ಕೋನಿ 1937ರಲ್ಲಿ ತೀರಿಕೊಂಡಾಗ ಜಗತ್ತಿನ ಬಾನುಲಿ ನಿಲಯಗಳು ಎರಡು ನಿಮಿಷ ಸುಮ್ಮನಾಗಿದ್ದವು. ಅವರ ಸಮಾಧಿ ಅದೇ ಮನೆಯ ಕೆಳಗಿದೆ.

ಇಲ್ಲಿಂದ ನಿಜವಾದ ಏರು. ದಾರಿ ತಪ್ಪುವ ಭಯ ಬೇಡ. ಮರ, ಬಂಡೆಗಳ ಮೇಲೆ ಕೆಂಪು ಬಿಳಿ ಪಟ್ಟೆ ಬಳಿದಿರುತ್ತಾರೆ. ಭಯಪಡಬೇಕಾದದ್ದು ಮಣ್ಣಿಗೆ. ಬೊಲೊನ್ಯಾ ಬೆಟ್ಟಗಳ ಮಣ್ಣು ಬೂದು ಜೇಡಿ. ಹಿಂದಿನ ರಾತ್ರಿ ಮಳೆ ಬಂದಿತ್ತು. ಹತ್ತು ಹೆಜ್ಜೆ ಇಡುವುದರೊಳಗೆ ಒಂದೊಂದು ಬೂಟೂ ಎರಡು ಸೇರಿನಷ್ಟು ತೂಕ. ಕಡ್ಡಿಯಲ್ಲಿ ಕೆರೆದು ತೆಗೆದರೆ ಮತ್ತೆ ಹತ್ತು ಹೆಜ್ಜೆಗೆ ಅಷ್ಟೇ. ಮಳೆ ಜಾಸ್ತಿ ಇದ್ದರೆ ಒಂದು ದಿನ ಕಾಯಿರಿ, ಅದೇ ನನ್ನ ಸಲಹೆ.

ಮೊಂತೆ ಅದೋನೆ ಬೆಟ್ಟದ ಎತ್ತರ 654 ಮೀಟರ್. ಹಳದಿ ಮರಳುಗಲ್ಲಿನ ಗೋಡೆ ನೆಟ್ಟಗೆ ಎದ್ದು ನಿಂತಿದೆ. ಆ ಕಲ್ಲಿನಲ್ಲಿ ಚಿಪ್ಪುಗಳಿವೆ. ಹೆಬ್ಬೆರಳ ಉಗುರಿನಷ್ಟು ದೊಡ್ಡ ಒಂದು ಚಿಪ್ಪನ್ನು ಕಂಡೆ, ಅದರ ಗೆರೆಗಳನ್ನು ಬೆರಳಲ್ಲಿ ಮುಟ್ಟಿ ಎಣಿಸಬಹುದಿತ್ತು. ಲಕ್ಷಾಂತರ ವರ್ಷದ ಹಿಂದೆ ಇದು ಸಮುದ್ರದ ತಳ. ಚಿಪ್ಪನ್ನು ಕಿತ್ತು ತರಬೇಡಿ, ಅದು ರಕ್ಷಿತ ಜಾಗ. ತುದಿಯಲ್ಲಿ ನಿಂತು ಹಿಂತಿರುಗಿದರೆ ದೂರದಲ್ಲಿ ಸಾನ್ ಲುಕಾ.

ಪಶ್ಚಿಮಕ್ಕೆ, ಸೆತ್ತಾ ಕಣಿವೆಯಾಚೆ ಕಾಣುವುದು ಮೊಂತೆ ಸೋಲೆ. ಸೂರ್ಯನ ಬೆಟ್ಟ. 1944ರ ಸೆಪ್ಟೆಂಬರ್ 29ರಿಂದ ಒಂದು ವಾರ ಹಿಟ್ಲರನ ನಾಜಿ ಪಕ್ಷದ ಎಸ್‌ಎಸ್ ಪಡೆಗಳು ಆ ಬೆಟ್ಟದ ಹಳ್ಳಿಗಳಲ್ಲಿ ಸುಮಾರು 770 ಜನರನ್ನು ಕೊಂದವು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಈಗ ಅದು ಸ್ಮಾರಕ ಉದ್ಯಾನ. ಪಾಳುಬಿದ್ದ ಮನೆಗಳ ನಡುವೆ ಕಾಲುದಾರಿಗಳಿವೆ. ಕಸಾಲಿಯಾ ಎಂಬಲ್ಲಿ ಸಣ್ಣ ಸ್ಮಶಾನವಿದೆ. ಚರ್ಚಿನಲ್ಲಿ ಸೇರಿದ್ದವರನ್ನು ಅಲ್ಲಿಗೆ ತಂದು ಗುಂಡಿಟ್ಟರು. ಕಬ್ಬಿಣದ ಶಿಲುಬೆಗಳಲ್ಲಿ ಗುಂಡಿನ ತೂತುಗಳಿವೆ. ನಾನು ಅದಕ್ಕಾಗಿಯೇ ಒಂದು ದಿನ ಬೇರೆ ಇಟ್ಟುಕೊಂಡು ಹೋದೆ. ನೀವೂ ಹೋಗಿ. ಅಲ್ಲಿ ನಡೆಯುವಾಗ ಜೊತೆಯವರು ಯಾರೂ ಮಾತಾಡಲಿಲ್ಲ.

ಆ ಯುದ್ಧಕ್ಕೂ ನಮಗೂ ನಂಟಿದೆ. ಬೆಳಗಾವಿ ಕೇಂದ್ರದ ಮರಾಠಾ ಲೈಟ್ ಇನ್‌ಫೆಂಟ್ರಿಯ ಸೈನಿಕರು ಇಟಲಿಯಲ್ಲಿ ಹೋರಾಡಿದ್ದರು. ಅವರಲ್ಲಿ ನಾಮದೇವ ಜಾಧವ್‌ಗೆ 1945ರ ಏಪ್ರಿಲ್ 9ರಂದು ಸೆನಿಯೊ ನದಿಯ ದಂಡೆಯಲ್ಲಿ ತೋರಿದ ಸಾಹಸಕ್ಕೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಆ ನದಿ ಬೊಲೊನ್ಯಾದ ಪೂರ್ವಕ್ಕೇ ಇದೆ. ಹನ್ನೆರಡು ದಿನದ ನಂತರ, ಏಪ್ರಿಲ್ 21ಕ್ಕೆ, ಬೊಲೊನ್ಯಾ ಜರ್ಮನ್ನರ ಹಿಡಿತದಿಂದ ಬಿಡುಗಡೆಯಾಯಿತು.

ಇನ್ನು ದಾರಿಯ ಹೆಸರು. ಅದೋನೆ ಅಂದರೆ ಗ್ರೀಕ್ ಪುರಾಣದ ಅಡೋನಿಸ್. ಮುಂದೆ ಮೊಂಜೂನೊ, ಅಂದರೆ ಜೂಪಿಟರ್ ಬೆಟ್ಟ. ಆಮೇಲೆ ವೀನಸ್ ಬೆಟ್ಟ. ಹೀಗೆ ದೇವರುಗಳ ದಾರಿ. ಹೆಸರು ಹಳೆಯದು ಅನ್ನಿಸುತ್ತದೆ, ಆದರೆ ಇದನ್ನು ಹುಡುಕಿ ಗುರುತು ಹಾಕಿದ್ದು ಬೊಲೊನ್ಯಾದ ಚಾರಣಿಗರ ಒಂದು ಗುಂಪು, ಕಳೆದ ಶತಮಾನದ ಕೊನೆಯಲ್ಲಿ. ತಮ್ಮ ಗುಂಪಿಗೆ ಅವರು ಊರ ಮಾತಿನಲ್ಲಿ ಇಟ್ಟುಕೊಂಡ ಹೆಸರು ‘ಎರಡು ಹೆಜ್ಜೆ, ಒಂದು ದೊಡ್ಡ ಊಟ’. ಊಟದ ವಿಷಯ ನಿಜ. ಮಾಂಸ ತಿನ್ನದವರಿಗೂ ಚಿಂತೆ ಇಲ್ಲ. ರಿಕೊತ್ತಾ ಗಿಣ್ಣು ತುಂಬಿದ ತೊರ್ತೆಲ್ಲೋನಿಯನ್ನು ಬೆಣ್ಣೆ, ಸೇಜ್ ಎಲೆ ಹಾಕಿ ಕೊಡುತ್ತಾರೆ. ದಿನವಿಡೀ ನಡೆದ ಹೊಟ್ಟೆಗೆ ಅದು ನಮ್ಮ ಬಿಸಿ ಕಡುಬಿನ ಹಾಗೆ.

ಮದೊನ್ನಾ ದೆಯಿ ಫೊರ್ನೆಲ್ಲಿ ದಾಟಿ ಬೀಚ್ ಮರಗಳ ಕಾಡು ಹೊಕ್ಕರೆ ನೆಲದಲ್ಲಿ ಕಲ್ಲುಹಾಸು ಕಾಣುತ್ತದೆ. ಕ್ರಿಸ್ತಪೂರ್ವ 187ರಲ್ಲಿ ರೋಮಿನ ಮುಖ್ಯ ಅಧಿಕಾರಿ, ಕಾನ್ಸಲ್ ಫ್ಲಾಮಿನಿಯಸ್ ಬೊಲೊನ್ಯಾದಿಂದ ಅರೆಜ್ಜೊಗೆ ರಸ್ತೆ ಮಾಡಿಸಿದ ಎಂದು ಹಳೆಯ ಇತಿಹಾಸದಲ್ಲಿ ಬರೆದಿತ್ತು. ರಸ್ತೆ ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ. ಈ ಕಡೆಯ ಹಳ್ಳಿಯ ಇಬ್ಬರು, ಚೆಸರೆ ಅಗೊಸ್ತೀನಿ ಮತ್ತು ಫ್ರಾಂಕೊ ಸಾಂತಿ, ಅದನ್ನು ಓದಿ ಹುಡುಕಲು ಹೊರಟರು. ಇಬ್ಬರೂ ಪುರಾತತ್ವ ಓದಿದವರಲ್ಲ. 1979ರ ಆಗಸ್ಟ್‌ನಲ್ಲಿ ಮೊದಲ ಕಲ್ಲು ಸಿಕ್ಕಿತು. ಆಮೇಲೂ ವರ್ಷಗಟ್ಟಲೆ ಪಿಕಾಸಿ ಹಿಡಿದು ಮಣ್ಣು ತೆಗೆದರು. ಅದೇ ಫ್ಲಾಮಿನಿಯಸ್‌ನ ರಸ್ತೆ ಎಂದು ಅವರ ನಂಬಿಕೆ, ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಅವರ ದುಡಿಮೆಯನ್ನು ಮಾತ್ರ ಯಾರೂ ಅಲ್ಲಗಳೆಯಲಾರರು. ಎರಡೂವರೆ ಮೀಟರ್‌ಗಿಂತ ಒಂಚೂರು ಕಿರಿದಾದ ಆ ಕಲ್ಲುಹಾಸಿನ ಮೇಲೆ ನಾನು ಕೂತು ಬುತ್ತಿ ಬಿಚ್ಚಿದೆ.

ಮುಂದೆ ಬೆಟ್ಟ ದಾಟುವ ಫೂತಾ ಘಾಟಿ. ಅಲ್ಲಿ ಜರ್ಮನ್ ಸೈನಿಕರ ಸ್ಮಶಾನ, 30,000ಕ್ಕೂ ಹೆಚ್ಚು ಸಮಾಧಿ. ಗುಡ್ಡವನ್ನು ಸುತ್ತುತ್ತಾ ಏರುವ ಒಂದೇ ಗೋಡೆ. ಆಮೇಲೆ ಇಳಿತ, ತೋಟ, ಹಳ್ಳಿ, ಮತ್ತೆ ಏರು. ಐದಾರು ದಿನಕ್ಕೆ ಮುಗಿಯುತ್ತದೆ. ಏಪ್ರಿಲ್, ಮೇ, ಸೆಪ್ಟೆಂಬರ್ ಒಳ್ಳೆಯ ಕಾಲ. ಜುಲೈನಲ್ಲಿ ಬಿಸಿಲು ಸುಡುತ್ತದೆ, ಬೆಟ್ಟದ ಬೆನ್ನ ಮೇಲೆ ನೀರು ಸಿಗುವುದಿಲ್ಲ. ಎರಡು ಬಾಟಲಿ ಇಟ್ಟುಕೊಳ್ಳಿ.

ಕೊನೆಯ ದಿನ ಫಿಯೆಸೊಲೆಯ ಮೇಲಿನಿಂದ ಫ್ಲಾರೆನ್ಸ್‌ನ ಕೆಂಪು ಗುಮ್ಮಟ ಕಾಣಿಸಿತು. ಅಲ್ಲೇ ಒಂದು ಮೆಟ್ಟಿಲ ಮೇಲೆ ಕೂತೆ. ಬೂಟು ಬಿಚ್ಚಿ, ಕಡ್ಡಿ ತೆಗೆದುಕೊಂಡು ಕೆರೆದೆ. ಮೇಲೆ ಆ ದಿನದ ಕಂದು ಧೂಳು ಉದುರಿತು. ಅದರ ಕೆಳಗೆ, ಹೊಲಿಗೆಯ ಸಂದಿನಲ್ಲಿ ಒಣಗಿ ಕಲ್ಲಾಗಿ, ಮಾರ್ಕೋನಿಯ ಗುಡ್ಡದ ಕಡೆಯ ಬೂದು ಜೇಡಿ ಇನ್ನೂ ಇತ್ತು.

ನಮಸ್ಕಾರ.