ಕುಡತಿನಿಯ ಬೂದಿ ದಿಬ್ಬ ಮತ್ತು ಹಳೆಯ ಜರ್ನಲ್‌ಗಳ ಕಪಾಟು

(ಬಳ್ಳಾರಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಇತಿಹಾಸ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಪ್ರಾಂಶುಪಾಲರಿಗೆ, ಗ್ರಂಥಪಾಲಕರಿಗೆ, ವಿದ್ಯಾರ್ಥಿ ಮಿತ್ರರಿಗೆ ನಮಸ್ಕಾರ.

ಬಳ್ಳಾರಿಯಿಂದ ತೋರಣಗಲ್ಲಿನ ಕಡೆಗೆ ಹೋಗುವಾಗ ಕುಡತಿನಿಯ ಹತ್ತಿರ ಒಂದು ದೊಡ್ಡ ಬೂದಿ ದಿಬ್ಬವಿದೆ. ಭೀಮಸೇನನು ಹಿಡಿಂಬಾಸುರನನ್ನು ಕೊಂದು ಸುಟ್ಟ ಬೂದಿ ಅದು ಎಂಬ ಕಥೆಯನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಇಂಥ ದಿಬ್ಬಗಳ ಮೇಲೆ ಮದರಾಸು ಸೈನ್ಯದ ಕ್ಯಾಪ್ಟನ್ ನ್ಯೂಬೋಲ್ಡ್ ಬರೆದ ಲೇಖನ 1843ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಜರ್ನಲ್‌ನಲ್ಲಿ ಅಚ್ಚಾಯಿತು. ಅದನ್ನು ನೀವು ಈ ಕೋಣೆಯಲ್ಲೇ ಕುಳಿತು, ಒಂದು ರೂಪಾಯಿಯನ್ನೂ ಕೊಡದೆ ಓದಬಹುದು. ಹಾಗಿದ್ದೂ ನಮ್ಮ ಜಿಲ್ಲೆಯ ಬಗ್ಗೆ ಪ್ರಬಂಧ ಬರೆಯುವವರಲ್ಲಿ ಹೆಚ್ಚಿನವರು ಅದನ್ನು ತೆರೆದೇ ಇಲ್ಲ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಅದಕ್ಕಾಗಿಯೇ ಈ ಮಾತುಗಳನ್ನು ಆಡಲು ಬಂದಿದ್ದೇನೆ.

ಮೊದಲು ಪ್ರವೇಶದ ವಿಚಾರ. ಹಳೆಯ ಸಂಪುಟಗಳನ್ನು ಇಡಲು ಅಮೆರಿಕದ ಕಾಲೇಜು ಗ್ರಂಥಾಲಯಗಳಲ್ಲಿ ಜಾಗ ಸಾಲದೆ ಬಂದಾಗ, 1995ರಲ್ಲಿ ಜೆಸ್ಟೋರ್ ಎಂಬ ಡಿಜಿಟಲ್ ಸಂಗ್ರಹ ಆರಂಭವಾಯಿತು. 2011ರಲ್ಲಿ ಅದು ತನ್ನ ಅತಿ ಹಳೆಯ ಲೇಖನಗಳನ್ನು ಎಲ್ಲರಿಗೂ ಮುಕ್ತಗೊಳಿಸಿತು. ಅಮೆರಿಕದಲ್ಲಿ 1923ಕ್ಕೂ ಮೊದಲು, ಬೇರೆ ದೇಶಗಳಲ್ಲಿ 1870ಕ್ಕೂ ಮೊದಲು ಅಚ್ಚಾದವು ಆಗ ಉಚಿತವಾದವು. ನ್ಯೂಬೋಲ್ಡ್ ಬರಹ ಈ ಗಡಿಯ ಒಳಗಿದೆ. ಇದೇ ದಿಬ್ಬಗಳ ಮೇಲೆ ಮದರಾಸಿನ ಬ್ರಿಟಿಷ್ ಅಧಿಕಾರಿಯಾಗಿದ್ದ ರಾಬರ್ಟ್ ಸಿವೆಲ್ ಅದೇ ಜರ್ನಲ್‌ನಲ್ಲಿ 1899ರಲ್ಲಿ ಬರೆದದ್ದು ಗಡಿಯ ಆಚೆ ಉಳಿಯಿತು. ಅಲ್ಲಿಂದ ಮುಂದಕ್ಕೆ ಕಾಲೇಜಿನ ಲಾಗಿನ್ ನೆರವಿಗೆ ಬರುತ್ತದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಕಾಲೇಜುಗಳಿಗೆ ಇ-ಜರ್ನಲ್‌ಗಳನ್ನು ಒದಗಿಸುವ ಎನ್-ಲಿಸ್ಟ್ ಯೋಜನೆ ನಡೆಸುತ್ತದೆ. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 2025ರ ಜನವರಿಯಿಂದ ಜರ್ನಲ್‌ಗಳನ್ನು ಒದಗಿಸುವ ‘ಒಂದು ದೇಶ, ಒಂದು ಚಂದಾ’ ಯೋಜನೆಯೂ ಜಾರಿಯಲ್ಲಿದೆ. ಯಾವ ಪತ್ರಿಕೆ, ಯಾವ ವರ್ಷದಿಂದ ನಮಗೆ ಸಿಗುತ್ತದೆ ಎಂಬುದನ್ನು ಗ್ರಂಥಪಾಲಕರಲ್ಲಿ ಕೇಳಿ ತಿಳಿದುಕೊಳ್ಳಿ. ಲೇಖನದ ಮುಂದೆ ಹಣ ಕೇಳುವ ಪುಟ ಕಂಡ ಕೂಡಲೇ ಹಿಂದಿರುಗಬೇಡಿ.

ಇನ್ನು ಹುಡುಕಾಟ. ನಮ್ಮ ಹುಡುಗರು ಸೋಲುವುದು ಇಲ್ಲಿ. ಇಂದಿನ ಹೆಸರು ಹಾಕಿ, ಏನೂ ಬರಲಿಲ್ಲವೆಂದು ಎದ್ದುಬಿಡುತ್ತಾರೆ. ಹಳೆಯ ಜರ್ನಲ್‌ಗಳಿಗೆ ನಮ್ಮ ಊರು ‘ಬೆಲ್ಲಾರಿ’, ಕೊಪ್ಪಳ ‘ಕೊಪ್ಬಾಲ್’, ಕನ್ನಡ ‘ಕೆನರೀಸ್’. ಇಂದಿನ ಪುರಾತತ್ತ್ವಜ್ಞರು ‘ಆ್ಯಶ್‌ಮೌಂಡ್’ ಎನ್ನುವುದನ್ನು ಸಿವೆಲ್ ‘ಸಿಂಡರ್ ಮೌಂಡ್’ ಎಂದರು. ನ್ಯೂಬೋಲ್ಡ್ ಶೀರ್ಷಿಕೆಯಲ್ಲಿ ಇರುವುದು ‘ಸ್ಕೋರಿಯಸ್ ಆ್ಯಶಸ್’. ಮೂರನ್ನೂ ಹಾಕದಿದ್ದರೆ ಮೂವರೂ ಒಟ್ಟಿಗೆ ಸಿಗುವುದಿಲ್ಲ. ಸ್ಕ್ಯಾನ್ ಮಾಡಿದ ಪುಟಗಳಿಂದ ಯಂತ್ರ ಓದಿದ ಅಕ್ಷರಗಳಲ್ಲಿ, ಅದರಲ್ಲೂ ಉಚ್ಚಾರ ತೋರಿಸಲು ಚುಕ್ಕಿ-ಗೆರೆ ಹಾಕಿ ಮುದ್ರಿಸಿದ ಊರ ಹೆಸರುಗಳಲ್ಲಿ ತಪ್ಪುಗಳು ತುಂಬಿರುತ್ತವೆ. ಆಗ ಸಂಪುಟದ ಪರಿವಿಡಿಯನ್ನು ತೆರೆದು ಕಣ್ಣಿನಿಂದಲೇ ಓದಿ. ನಿಧಾನದ ಕೆಲಸ ಹೌದು, ಆದರೆ ಪಕ್ಕದ ಲೇಖನ ಕಣ್ಣಿಗೆ ಬೀಳುವುದು ಹಾಗೆಯೇ.

ಎಲ್ಲಿ ಹುಡುಕಬೇಕೆಂಬುದನ್ನು ಹಳೆಯ ಆಡಳಿತದ ಗಡಿಗಳೂ ತೀರ್ಮಾನಿಸುತ್ತವೆ. ಇದನ್ನು ನಾನು ಒತ್ತಿ ಹೇಳುತ್ತೇನೆ. ಬಿ. ಎಲ್. ರೈಸ್ ಅವರು ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳು ಮೈಸೂರು ಸಂಸ್ಥಾನದವು. 1953ರವರೆಗೆ ಮದರಾಸಿಗೆ ಸೇರಿದ್ದ ಬಳ್ಳಾರಿಯನ್ನು ಅಲ್ಲಿ ಹುಡುಕಿದರೆ ಸಿಗದು. ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್ ಮಾಲೆಯ ಒಂಬತ್ತನೆಯ ಸಂಪುಟವನ್ನು ತೆರೆಯಬೇಕು. ರಾಯಚೂರು, ಕೊಪ್ಪಳ ನಿಜಾಮರ ಕಡೆಯವು. 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಹೆಸರೇ ಕೆತ್ತಿರುವ ಶಾಸನ ಸಿಕ್ಕಾಗ, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಪ್ರಕಟಿಸಿದ್ದು ಹೈದರಾಬಾದ್ ಪುರಾತತ್ತ್ವ ಮಾಲೆಯ ಮೊದಲ ಸಂಚಿಕೆಯಾಗಿ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕ ಶಾಸನಗಳನ್ನು ಭಾಷಾ ವಿದ್ವಾಂಸ ಟರ್ನರ್ 1932ರಲ್ಲಿ ಪ್ರಕಟಿಸಿದ್ದೂ ಅದೇ ಮಾಲೆಯಲ್ಲಿ. ಇಂಥವಕ್ಕೆ ಇಂಟರ್ನೆಟ್ ಆರ್ಕೈವ್, ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಇವುಗಳಲ್ಲಿ ಹುಡುಕಿ. 1872ರಲ್ಲಿ ಮುಂಬಯಿಯಲ್ಲಿ ಜೇಮ್ಸ್ ಬರ್ಜೆಸ್ ಆರಂಭಿಸಿದ ಇಂಡಿಯನ್ ಆಂಟಿಕ್ವರಿಯ ಸಂಪುಟಗಳೂ ಆರ್ಕೈವ್‌ನಲ್ಲಿವೆ. ಶಾಸನತಜ್ಞ ಫ್ಲೀಟ್ ಸಂಪಾದಿಸಿದ ಹಳಗನ್ನಡ ಶಾಸನಗಳನ್ನು ಅಲ್ಲಿ ಓದಬಹುದು.

ಈಗ ದಿಬ್ಬಕ್ಕೆ ಮರಳೋಣ. ಈ ಲೇಖನಗಳನ್ನು ವರ್ಷದ ಕ್ರಮದಲ್ಲಿ ಓದಿದರೆ ಒಂದು ವಾದವೇ ಕಣ್ಣೆದುರು ಬೆಳೆಯುತ್ತದೆ. ಇದು ವಿಜಯನಗರ ಕಾಲದ ಸಾಮೂಹಿಕ ದಹನದ ಬೂದಿಯಿರಬಹುದೆಂಬ ಕಡೆ ಸಿವೆಲ್ ಒಲಿದಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ನವಶಿಲಾಯುಗದ ಜನರತ್ತ, ಅವರ ದನಗಳ ಸಗಣಿಯತ್ತ ಬೊಟ್ಟು ಮಾಡಿದರು. 1960ರಲ್ಲಿ ವಿಜ್ಞಾನಿ ಜ್ಯೂನರ್ ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಸುಟ್ಟ ಸಗಣಿಯೇ ಹೌದೆಂದು ತೋರಿಸಿದರು. ಪುರಾತತ್ತ್ವಜ್ಞ ಆಲ್ಚಿನ್ ಇಂದಿನ ತೆಲಂಗಾಣದ ಉತ್ನೂರಿನ ಬೂದಿ ದಿಬ್ಬದ ಉತ್ಖನನದಲ್ಲಿ ದನಗಳ ಗೊರಸಿನ ಗುರುತುಗಳನ್ನೂ ಕಂಡರು. ಕೊನೆಯ ತೀರ್ಮಾನವನ್ನಷ್ಟೇ ಪಠ್ಯದಿಂದ ಬರೆದುಕೊಳ್ಳುವ ವಿದ್ಯಾರ್ಥಿಗೆ, ಒಳ್ಳೆಯ ವಿದ್ವಾಂಸರೂ ಹೇಗೆ ದಾರಿ ತಪ್ಪಿದರು, ಯಾವ ಸಾಕ್ಷ್ಯ ಅವರನ್ನು ತಿದ್ದಿತು ಎಂಬುದು ತಿಳಿಯುವುದೇ ಇಲ್ಲ. ಸಂಶೋಧನೆ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ನ್ಯೂಬೋಲ್ಡ್, ಸಿವೆಲ್, ಫೂಟ್ ಅವರಂಥ ಹಳೆಯ ಬರಹಗಾರರು ಆಳುವ ಬ್ರಿಟಿಷರ ಕಡೆಯವರು. ಅವರಿಗೆ ದಾರಿ ತೋರಿಸಿದ, ಕಥೆ ಹೇಳಿದ ನಮ್ಮ ಹಳ್ಳಿಯವರ ಹೆಸರು ಅಲ್ಲಿ ಸಿಗುವುದು ಅಪರೂಪ. ಇದನ್ನು ಮರೆಯದೆ ಓದಿ. ಆದರೂ ಅವರ ಅಳತೆಗಳನ್ನು, ಸ್ಥಳವರ್ಣನೆಗಳನ್ನು ತಳ್ಳಿಹಾಕಬೇಡಿ. ಎಷ್ಟೋ ಬೂದಿ ದಿಬ್ಬಗಳ ಮಣ್ಣು ಗೊಬ್ಬರಕ್ಕಾಗಿ ಹೊಲಗಳಿಗೆ ಹೋಗಿದೆ. ಸಂಗನಕಲ್ಲು-ಕಪ್ಪಗಲ್ಲು ಗುಡ್ಡದ ಬಂಡೆ ಚಿತ್ರಗಳ ನೆರೆಯಲ್ಲೂ ಕಲ್ಲುಗಣಿಗಾರಿಕೆ ನಡೆದಿದೆ. ಹಾಳಾದದ್ದಕ್ಕೆ ಹಳೆಯ ಪುಟವೇ ಉಳಿದ ಸಾಕ್ಷಿ.

ಒಂದು ಕೆಲಸ ಕೊಡುತ್ತೇನೆ. ಈ ವಾರ ಗ್ರಂಥಪಾಲಕರ ಮೇಜಿನ ಬಳಿ ಇ-ಮೇಲ್ ವಿಳಾಸ ಬರೆಸಿ ಲಾಗಿನ್ ಪಡೆಯಿರಿ. ನಿಮ್ಮ ತಾಲ್ಲೂಕಿನ ಒಂದು ಸ್ಥಳದ ಮೇಲೆ ಹಳೆಯ ಲೇಖನವೊಂದನ್ನು ಹುಡುಕಿ, ಜರ್ನಲ್, ಸಂಪುಟ, ವರ್ಷ, ಪುಟಗಳನ್ನು ಗುರುತು ಹಾಕಿಕೊಳ್ಳಿ. ಆಮೇಲೆ ಅಳತೆಪಟ್ಟಿ ಹಿಡಿದು ಅಲ್ಲಿಗೆ ಹೋಗಿ, ಇಂದು ಅಲ್ಲಿ ಏನು ಉಳಿದಿದೆ ಎಂಬುದನ್ನು ಕನ್ನಡದಲ್ಲಿ ಎರಡು ಪುಟ ಬರೆದು ತನ್ನಿ. ಒಟ್ಟಿಗೆ ಕುಳಿತು ಓದೋಣ.