ಒಂಬತ್ತು ಹೊಡೆತ ಹಿಂದಿದ್ದರೂ ಗೆಲ್ಲಬಹುದು! ಲಿವ್ ಗಾಲ್ಫ್ ಅರ್ಹತಾ ಟೂರ್ನಿಯ ವಿಚಿತ್ರ ಲೆಕ್ಕ

[ಸ್ಕ್ರೀನ್ ಮೇಲೆ ಎರಡು ಸಂಖ್ಯೆ: 270 ಮತ್ತು 279]

ಗಾಲ್ಫ್‌ನಲ್ಲಿ ಕಡಿಮೆ ಹೊಡೆತದವನೇ ಗೆಲ್ಲಬೇಕು ಅಲ್ವಾ? ಇಲ್ಲಿ 279 ಹೊಡೆದವನಿಗೆ ಲೀಗ್‌ನಲ್ಲಿ ಜಾಗ, 270 ಹೊಡೆದವನು ಮನೆಗೆ. ಸಂಖ್ಯೆಗಳು ಉದಾಹರಣೆಗೆ ಅಂತ ಇಟ್ಟುಕೊಂಡಿದ್ದು. ಆದರೆ ನಿಯಮದ ಪ್ರಕಾರ ಪೂರ್ತಿ ಸಾಧ್ಯ. ಹೇಗೆ ಅಂತ ಹೇಳ್ತೀನಿ.

ಮೊದಲು ಹಿನ್ನೆಲೆ, ಓಡೋಡಿ. ಸೌದಿಯ ಸಾರ್ವಜನಿಕ ಹೂಡಿಕೆ ನಿಧಿಯ ದುಡ್ಡಿನಲ್ಲಿ, ಅಮೆರಿಕದ ಪಿಜಿಎ ಟೂರ್‌ಗೆ ಸೆಡ್ಡು ಹೊಡೆದು ಹುಟ್ಟಿದ ಲೀಗು ಲಿವ್ ಗಾಲ್ಫ್. ಮೊದಲ ಟೂರ್ನಿ 2022ರ ಜೂನ್, ಲಂಡನ್ ಹತ್ತಿರದ ಸೆಂಚುರಿಯನ್ ಕ್ಲಬ್. 54 ಹೋಲ್ (18 ಹೋಲ್ ಅಂದರೆ ಒಂದು ರೌಂಡು), ಕಟ್ ಇಲ್ಲ, ಅಂದರೆ ನಡುವೆ ಯಾರೂ ಹೊರಬೀಳಲ್ಲ, ಎಲ್ಲರೂ ಬೇರೆ ಬೇರೆ ಹೋಲ್‌ನಿಂದ ಒಂದೇ ಹೊತ್ತಿಗೆ ಶುರು. ಗೆದ್ದವನಿಗೆ 40 ಲಕ್ಷ ಡಾಲರ್, 48ನೆಯವನಿಗೂ 1,20,000 ಡಾಲರ್. ಕೊನೆಗೆ ಬಂದರೂ ಕೈ ತುಂಬ ಕಾಸು, ಹಾಗಾಗಿ "ಕರೆಸಿಕೊಂಡವರ ಕ್ಲಬ್ಬು ಇದು" ಅಂತ ಒಂದು ಗುಂಪು ಆಗಲೇ ಶುರುಮಾಡಿತು. ಅದಕ್ಕೆ ಲಿವ್ ಅಭಿಮಾನಿಗಳ ರೆಡಿ ಉತ್ತರ: "ಪ್ರಮೋಷನ್ಸ್ ಅನ್ನೋ ಅರ್ಹತಾ ಟೂರ್ನಿ ಇದೆ, ಆಡಿ, ಗೆದ್ದು ಬನ್ನಿ."

ಸರಿ, ಆ ಟೂರ್ನಿಯನ್ನೇ ಬಿಚ್ಚಿ ನೋಡೋಣ. ಮೊದಲನೆಯದು 2023ರ ಡಿಸೆಂಬರ್, ಅಬುಧಾಬಿ ಗಾಲ್ಫ್ ಕ್ಲಬ್. ಮೂರು ದಿನ, ಮೂರು ಸೀಟು. ಮೊದಲ ದಿನ 18 ಹೋಲ್, ಅಗ್ರ 20 ಮತ್ತು ಅದೇ ಸ್ಕೋರಿನವರು ಮುಂದಕ್ಕೆ. ಎರಡನೇ ದಿನ ನೇರ ಪ್ರವೇಶ ಇರುವವರೂ ಸೇರಿಕೊಳ್ಳುತ್ತಾರೆ, ಮತ್ತೆ 18, ಮತ್ತೆ ಅಗ್ರ 20. ಮೂರನೇ ದಿನ ಒಂದೇ ದಿನಕ್ಕೆ 36 ಹೋಲ್. ಆಟ ಅಡಗಿರೋದು ಇಲ್ಲಿ: ಪ್ರತಿ ಹಂತಕ್ಕೂ ಸ್ಕೋರ್ ಅಳಿಸಿ ಸೊನ್ನೆ ಮಾಡ್ತಾರೆ.

[ಗ್ರಾಫಿಕ್: ಎರಡು ಸಾಲು, ಒಂದೊಂದೇ ಅಂಕಿ ಬರಲಿ, ಅವಸರ ಬೇಡ]

ಮೊದಲ ಆಟಗಾರ: 63, 69, ಕೊನೇ ದಿನ 68 ಮತ್ತು 70. ಒಟ್ಟು 270.
ಎರಡನೆಯವನು: 71, 71, ಕೊನೇ ದಿನ 68 ಮತ್ತು 69. ಒಟ್ಟು 279.

ಲೆಕ್ಕಕ್ಕೆ ಬರೋದು ಕೊನೇ ದಿನ ಮಾತ್ರ. 138ರ ಎದುರು 137. ಮೊದಲ ದಿನದ ಆ 63 ಇದೆಯಲ್ಲ, ಕೆಲವರ ಜೀವಮಾನದ ರೌಂಡು ಅದು, ಅದಕ್ಕೆ ಸಿಕ್ಕಿದ ಬೆಲೆ ಏನು? ಇಪ್ಪತ್ತನೇ ಸ್ಥಾನದಲ್ಲಿ ತೆವಳಿಕೊಂಡು ಬಂದವನ 71ಕ್ಕೆ ಸಿಕ್ಕಷ್ಟೇ. ಹಾಗಾಗಿ ಅನುಭವಿ ಕ್ಯಾಡಿ (ಬ್ಯಾಗ್ ಹೊತ್ತು ಸಲಹೆ ಕೊಡುವವನು) ಮೊದಲೆರಡು ದಿನ ಧ್ವಜದ ಕಡೆ ನೇರವಾಗಿ ಹೊಡೆಸಲ್ಲ. ಗ್ರೀನ್‌ನ (ಕುಳಿಯ ಸುತ್ತಲ ನುಣುಪು ಹುಲ್ಲಿನ) ಮಧ್ಯಕ್ಕೆ ಗುರಿ, ಎರಡು ಪಟ್, ಮುಂದಿನ ಹೋಲ್. ಅಲ್ಲಿ ಬರ್ಡಿ (ನಿಗದಿಗಿಂತ ಒಂದು ಹೊಡೆತ ಕಡಿಮೆ) ಹೆಚ್ಚಾದರೆ ಲಾಭ ಇಲ್ಲ, ಒಂದು ಡಬಲ್ ಬೋಗಿ (ನಿಗದಿಗಿಂತ ಎರಡು ಹೆಚ್ಚು) ಬಿದ್ದರೆ ಗಂಟುಮೂಟೆ ಕಟ್ಟಬೇಕು.

"ವಿಶ್ವಕಪ್ ಸೆಮಿಫೈನಲ್‌ಗೂ ಲೀಗ್ ಹಂತದ ರನ್ ತಗೊಂಡು ಹೋಗಲ್ಲವಲ್ಲ" ಅಂತ ಕೆಲವರು ವಾದಿಸ್ತಾರೆ. ಕೇಳೋಕೆ ಚೆನ್ನಾಗಿದೆ, ಆದರೆ ಕೂಡಲ್ಲ. ಸೆಮಿಫೈನಲ್‌ನಲ್ಲಿ ಇಬ್ಬರು ಎದುರುಬದುರು. ಇಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಒಂದೇ ಮೈದಾನದಲ್ಲಿ. ಒಬ್ಬನೇ ಆಟಗಾರನ ಸ್ಕೋರ್ ದಿನದಿಂದ ದಿನಕ್ಕೆ ನಾಲ್ಕೈದು ಹೊಡೆತ ಏರಿಳಿಯೋದು ಗಾಲ್ಫ್‌ನಲ್ಲಿ ಮಾಮೂಲು. ಅಷ್ಟು ಜನರಲ್ಲಿ ಯಾರಿಗೋ ಒಬ್ಬನಿಗೆ ಆವತ್ತು ಕೈ ಕೂಡಿ ಬರುತ್ತೆ. ಆ ಅದೃಷ್ಟವನ್ನು ಜರಡಿ ಹಿಡಿಯೋದಕ್ಕೇ ಹೆಚ್ಚು ರೌಂಡು ಬೇಕಾಗೋದು. ಯುರೋಪಿನ ಡಿಪಿ ವರ್ಲ್ಡ್ ಟೂರ್‌ನ ಅರ್ಹತಾ ಟೂರ್ನಿ, ಅಂದರೆ ಕ್ಯೂ-ಸ್ಕೂಲ್, ಅದರ ಅಂತಿಮ ಹಂತ ಆರು ರೌಂಡು, 108 ಹೋಲ್, ಸ್ಕೋರ್ ಜೊತೆಗೇ ಸಾಗುತ್ತೆ.

ಒಂದೇ ದಿನ 36 ಹೋಲ್ ಅನ್ನೋದು ಕಾಲಿಗೆ ಮಾತ್ರ ಪರೀಕ್ಷೆ ಆಗಿರಲಿಲ್ಲ. ನಾಲ್ಕು ದಿನದ ಟೂರ್ನಿಯಲ್ಲಿ ಬೆಳಿಗ್ಗೆ ಡ್ರೈವ್ (ಹೋಲ್‌ನ ಮೊದಲ ಉದ್ದ ಹೊಡೆತ) ಬಲಕ್ಕೆ ವಾಲುತ್ತಿದ್ದರೆ ಸಂಜೆ ಅಭ್ಯಾಸದ ರೇಂಜ್‌ಗೆ ಹೋಗಿ ಕೋಚ್ ಜೊತೆ ಸರಿಮಾಡಿಕೊಳ್ಳಬಹುದು. ಇಲ್ಲಿ ಬೆಳಗಿನ ರೋಗ ಮಧ್ಯಾಹ್ನಕ್ಕೂ ಜೊತೆಗೇ ಬರುತ್ತಿತ್ತು.

ಹಾಗೆ ಬಂದವರು ಬಾಳಿದರಾ? 2023ರಲ್ಲಿ ಗೆದ್ದವರು ಫಿನ್ಲೆಂಡ್‌ನ ಕಾಲೆ ಸಮೋಯಾ, ಜಪಾನ್‌ನ ಜಿನಿಚಿರೊ ಕೊಜುಮಾ, ಜಿಂಬಾಬ್ವೆಯ ಕೀರನ್ ವಿನ್ಸೆಂಟ್. ಮರುವರ್ಷವೇ ಸಮೋಯಾ, ವಿನ್ಸೆಂಟ್ ಇಬ್ಬರೂ ಡ್ರಾಪ್ ಝೋನ್ ಸೇರಿದರು. ಆಗಿನ ನಿಯಮದಲ್ಲಿ ವರ್ಷದ ಪಟ್ಟಿಯ ಅಗ್ರ 24 ಸ್ಥಾನ ಭದ್ರ, 25ರಿಂದ 48 ಅತ್ತಲೂ ಅಲ್ಲ ಇತ್ತಲೂ ಅಲ್ಲ, 49ರಿಂದ ಕೆಳಗೆ ಡ್ರಾಪ್ ಝೋನ್, ಅಂದರೆ ಹೊರಕ್ಕೆ. ಅದೇ 2024ರಲ್ಲಿ ಬಬ್ಬಾ ವಾಟ್ಸನ್ ಕೂಡ ಡ್ರಾಪ್ ಝೋನ್‌ನಲ್ಲೇ ಮುಗಿಸಿದರು. ಆದರೆ ಮುಂದಿನ ಸೀಸನ್‌ಗೆ ಲೀಗ್‌ನ ರೇಂಜ್‌ಗೋಟ್ಸ್ ತಂಡದ ನಾಯಕರಾಗಿ ಹಾಜರ್! ಎರಡು ಬಾರಿ ಮಾಸ್ಟರ್ಸ್ ಗೆದ್ದವರಿಗೆ ಒಂದು ನಿಯಮ, ಅರ್ಹತೆ ಗೆದ್ದು ಬಂದವನಿಗೆ ಇನ್ನೊಂದು. ಅಭಿಮಾನಿಗಳು ಸಿಟ್ಟಾದರೆ ತಪ್ಪೇನು? ಒಳಬಾಗಿಲಿಗಿಂತ ಹೊರಬಾಗಿಲಿನ ಮೇಲೆ ಜಗಳ ಆಗಬೇಕು ಅಂತ ನನಗನ್ನಿಸೋದು ಇದಕ್ಕೇ. ಹೊರಗೆ ಹೋಗಬೇಕಾದವರು ಹೋಗದಿದ್ದರೆ ಸೀಟು ಬರೋದು ಎಲ್ಲಿಂದ? 2024ರ ರಿಯಾದ್ ಟೂರ್ನಿಯಲ್ಲಿ ಇದ್ದಿದ್ದೇ ಒಂದು ಸೀಟು.

ವಿಡಿಯೋ ಉದ್ದ ಆಗ್ತಿದೆ, ಉಳಿದಿದ್ದನ್ನು ಒಟ್ಟಿಗೆ ಮುಗಿಸ್ತೀನಿ. ಇನ್ನೊಂದು ದಾರಿ ಏಷ್ಯನ್ ಟೂರ್‌ನ ಇಂಟರ್‌ನ್ಯಾಷನಲ್ ಸೀರೀಸ್, ಇಡೀ ವರ್ಷದ ಅಂಕಪಟ್ಟಿ. 2023ರಲ್ಲಿ ಆಂಡಿ ಓಗಲ್‌ಟ್ರೀ ಮೊದಲ ಸ್ಥಾನ ಪಡೆದು ಲಿವ್ ಸೇರಿದ್ದು ಹೀಗೆ. ಒಂದು ದಿನದ ಲಾಟರಿಗಿಂತ ಇದು ಎಷ್ಟೋ ನ್ಯಾಯ. ಪ್ರಮೋಷನ್ಸ್ ಆಡಿದವರನ್ನು, ಗೆದ್ದರೂ ಸೋತರೂ, ಪಿಜಿಎ ಟೂರ್ ತನ್ನ ಟೂರ್ನಿಗಳಿಂದ ಒಂದು ವರ್ಷ ದೂರ ಇಡುತ್ತೆ ಅನ್ನೋ ಎಚ್ಚರಿಕೆ 2023ರಲ್ಲೇ ಬಂದಿತ್ತು. ಅರ್ಜಿ ಹಾಕುವ ಮುಂಚೆ ಹುಡುಗರು ನೋಡಬೇಕಾದ ಮೊದಲ ಸಾಲು ಅದು. ವಿಶ್ವ ರ‍್ಯಾಂಕಿಂಗ್ ಮಂಡಳಿ 2023ರ ಅಕ್ಟೋಬರ್‌ನಲ್ಲಿ ಅಂಕಕ್ಕಾಗಿ ಲಿವ್ ಹಾಕಿದ ಅರ್ಜಿ ತಿರಸ್ಕರಿಸಿದಾಗಲೂ, ಒಳಗೆ ಹೊರಗೆ ಓಡಾಟ ಕಮ್ಮಿ ಅನ್ನೋದು ಕಾರಣಗಳಲ್ಲಿ ಒಂದು.

2025ರಲ್ಲಿ ಹೊರಹಾಕುವ ನಿಯಮ ಬಿಗಿಯಾಯ್ತು. 2016ರ ಬ್ರಿಟಿಷ್ ಓಪನ್ ಗೆದ್ದ, ತಂಡದ ಸಹನಾಯಕ ಹೆನ್ರಿಕ್ ಸ್ಟೆನ್ಸನ್ 49ನೇ ಸ್ಥಾನ ಪಡೆದು ಹೊರಬಿದ್ದರು. 2026ರ ಜನವರಿಯ ಪ್ರಮೋಷನ್ಸ್ ಫ್ಲೋರಿಡಾದ ಬ್ಲ್ಯಾಕ್ ಡೈಮಂಡ್ ರಾಂಚ್‌ನಲ್ಲಿ, ಮೂರರ ಬದಲು ನಾಲ್ಕು ದಿನ ನಡೆಯಿತು. ಗೆದ್ದಿದ್ದು ಕೆನಡಾದ ರಿಚರ್ಡ್ ಟಿ. ಲೀ. ಲೀಗ್ ಟೂರ್ನಿಗಳೂ 2026ರಿಂದ 72 ಹೋಲ್. ಸ್ಟೆನ್ಸನ್ ಜಾಗದಲ್ಲಿ ಬಬ್ಬಾ ಇದ್ದಿದ್ದರೆ 2025ರಲ್ಲೂ ಉಳಿಸಿಕೊಳ್ತಿದ್ದರಾ? ಕಾಮೆಂಟ್‌ನಲ್ಲಿ ಹೊಡೆದಾಡಿಕೊಳ್ಳಿ, ಸ್ಕೋರ್ ಮಾತ್ರ ಅಳಿಸಬೇಡಿ.