ಆನ್‌ಲೈನ್ ಮೀಟಿಂಗಿನಲ್ಲಿ ಎಲ್ಲರ ದನಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಕಂಪನಿಯ ಕೆಲಸವನ್ನು ಶಿರಸಿ ಕಡೆಯ ಹಳ್ಳಿಮನೆಯಲ್ಲಿ ಕೂತು ಮಾಡುವವರು ಈಗ ಎಷ್ಟೋ ಜನ ಇದ್ದಾರೆ. ತೀರ್ಥಹಳ್ಳಿಯಲ್ಲೂ ಇದ್ದಾರೆ, ಪುತ್ತೂರಿನಲ್ಲೂ ಇದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ಊರು ಸೇರಿದವರಲ್ಲಿ ಕೆಲವರು ವಾಪಸ್ ಹೋಗಲೇ ಇಲ್ಲ. ಇನ್ನು ಕೆಲವರಿಗೆ ವಾರದಲ್ಲಿ ಎರಡು ದಿನ ಆಫೀಸು, ಮೂರು ದಿನ ಮನೆ. ಹೀಗೆ ಚದುರಿದ ಟೀಮು ಒಟ್ಟಿಗೆ ಸೇರುವುದು ಆನ್‌ಲೈನ್ ಮೀಟಿಂಗಿನಲ್ಲಿ ಮಾತ್ರ. ಮೀಟಿಂಗ್ ಕರೆಯುವವರಿಗೆ, ಅಂದರೆ ಮ್ಯಾನೇಜರುಗಳಿಗೆ, ಟೀಮ್ ಲೀಡ್‌ಗಳಿಗೆ, ಇವತ್ತು ನಾಲ್ಕು ಮಾತು ಹೇಳಬೇಕು ಅನಿಸಿದೆ. ನೆಟ್‌ವರ್ಕ್ ಯಾರಿಗೆ ಎಲ್ಲರಿಗಿಂತ ಕಡಿಮೆ ಸಿಗುತ್ತದೋ, ಅವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮೀಟಿಂಗ್ ನಡೆಸಿ. ನಾನು ಹೇಳುವುದೆಲ್ಲ ಇದರ ಸುತ್ತಲೇ.

ಈ ಸನ್ನಿವೇಶ ನಿಮಗೂ ಗೊತ್ತಿರುತ್ತದೆ. ಹೊರಗೆ ಜೋರು ಮಳೆ. ಕರೆಂಟ್ ಹೋಗಿದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಹುಡುಗಿಯೊಬ್ಬಳು ಮೀಟಿಂಗ್ ಸೇರಿದ್ದಾಳೆ. ಮಾತಿನ ನಡುವೆ ಬಿಡುವು ಸಿಕ್ಕಿತು ಅಂತ ಮ್ಯೂಟ್ ತೆಗೆದು ಬಾಯಿ ತೆರೆಯುತ್ತಾಳೆ. ಅಷ್ಟರಲ್ಲಿ ಇನ್ನೊಬ್ಬರು ಶುರು ಮಾಡಿಬಿಟ್ಟಿದ್ದಾರೆ. "ಸಾರಿ, ನೀವು ಹೇಳಿ." "ಇಲ್ಲ ಇಲ್ಲ, ನೀವೇ ಹೇಳಿ." ಇದು ಎರಡು ಸಲ ಆಗುತ್ತದೆ. ಮೂರನೇ ಸಲ ಅವಳು ಮ್ಯೂಟ್ ತೆಗೆಯುವುದೇ ಇಲ್ಲ.

ಇದರಲ್ಲಿ ಅವಳ ತಪ್ಪು ಏನೂ ಇಲ್ಲ. ಎದುರುಬದುರು ಕೂತು ಮಾತಾಡುವಾಗ ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ನಡುವೆ ಎಷ್ಟು ಹೊತ್ತು ಇರುತ್ತದೆ ಗೊತ್ತಾ? ಭಾಷಾ ವಿಜ್ಞಾನಿಗಳು ಬೇರೆ ಬೇರೆ ದೇಶಗಳ ಹತ್ತು ಭಾಷೆಗಳಲ್ಲಿ ಇದನ್ನು ಅಳೆದು 2009ರಲ್ಲಿ ಪ್ರಕಟಿಸಿದರು. ಸರಾಸರಿ ಸುಮಾರು 200 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಪಾಲು. ಕಣ್ಣು ಮಿಟುಕಿಸುವಷ್ಟು ಹೊತ್ತು. ಈಗ ನೆಟ್‌ವರ್ಕ್ ಕಡೆ ನೋಡಿ. ದನಿ ಒಂದು ತುದಿಯಿಂದ ಇನ್ನೊಂದು ತುದಿಗೆ 150 ಮಿಲಿಸೆಕೆಂಡಿನ ಒಳಗೆ ತಲುಪಿದರೆ ಮಾತುಕತೆ ಸಲೀಸು ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ. ಮಳೆಯಲ್ಲಿ ಒದ್ದಾಡುವ ಹಾಟ್‌ಸ್ಪಾಟ್‌ಗೆ ಅದಕ್ಕಿಂತ ಎಷ್ಟೋ ಜಾಸ್ತಿ ಹಿಡಿಯಬಹುದು. ಅವಳಿಗೆ ಆ ಬಿಡುವು ಕೇಳಿಸುವ ಹೊತ್ತಿಗೆ ಬೆಂಗಳೂರಿನಲ್ಲಿ ಅದು ಮುಗಿದೇ ಹೋಗಿರುತ್ತದೆ. ಕೊನೆಗೆ ಏನಾಗುತ್ತದೆ? "ಆ ಹುಡುಗಿ ಮೀಟಿಂಗಿನಲ್ಲಿ ಬಾಯೇ ಬಿಡಲ್ಲ" ಅನ್ನುವ ಮಾತು ಹುಟ್ಟುತ್ತದೆ. ವರ್ಷದ ಕೊನೆಯ ಅಪ್ರೈಸಲ್‌ನಲ್ಲಿ ಅದೇ ಮಾತು ಅವಳ ಬೆನ್ನು ಹತ್ತುತ್ತದೆ. ಇದು ಅನ್ಯಾಯ ಅಲ್ವಾ?

ಹಾಗಾಗಿ ಸರದಿಯನ್ನು ನೀವೇ ಹಂಚಿ. "ಯಾರಿಗಾದರೂ ಏನಾದರೂ ಹೇಳೋದಿದೆಯಾ?" ಅಂತ ಕೇಳಿದರೆ ಗಟ್ಟಿ ಬಾಯಿ, ಗಟ್ಟಿ ನೆಟ್‌ವರ್ಕ್ ಇದ್ದವರೇ ಮುಂದೆ ಬರುತ್ತಾರೆ. ಹೆಸರು ಹಿಡಿದು ಕರೆಯಿರಿ. ಅದನ್ನೂ ದಿಢೀರ್ ಅಂತ ಮಾಡಬೇಡಿ. ಮೊದಲು ಇವರು, ಆಮೇಲೆ ನೀವು ಅಂತ ಮುಂಚೆಯೇ ತಿಳಿಸಿ. ಕರೆದ ಮೇಲೆ ಮನಸ್ಸಿನಲ್ಲೇ ಐದು ಎಣಿಸುವಷ್ಟು ಕಾಯಿರಿ. ಮ್ಯೂಟ್ ತೆಗೆಯೋಕೆ, ದನಿ ತಲುಪೋಕೆ ಅಷ್ಟು ಹೊತ್ತು ಬೇಕು.

ಅರ್ಧ ಜನ ಆಫೀಸಿನಲ್ಲಿ, ಅರ್ಧ ಜನ ಮನೆಯಲ್ಲಿ ಇರುವ ಮೀಟಿಂಗ್ ಇನ್ನೂ ಕಷ್ಟ. ಕಾನ್ಫರೆನ್ಸ್ ರೂಮಿನಲ್ಲಿ ಆರು ಜನರ ನಡುವೆ ಒಂದೇ ಮೈಕು. ಅವರು ತಮ್ಮತಮ್ಮಲ್ಲಿ ಏನೋ ಹೇಳಿಕೊಂಡು ನಗುತ್ತಾರೆ. ದೂರದಲ್ಲಿರುವವರಿಗೆ ನಗು ಮಾತ್ರ ಕೇಳಿಸುತ್ತದೆ. ಇದಕ್ಕೆ ಒಳ್ಳೆಯ ಉಪಾಯ, ಆಫೀಸಿನಲ್ಲಿ ಇರುವವರೂ ಅವರವರ ಸೀಟಿನಿಂದಲೇ, ಹೆಡ್‌ಸೆಟ್ ಹಾಕಿಕೊಂಡು ಸೇರುವುದು. ಆಗ ಎಲ್ಲರಿಗೂ ಪರದೆಯ ಮೇಲೆ ಒಂದೇ ಅಳತೆಯ ಚೌಕ.

ಕ್ಯಾಮೆರಾ ಆನ್ ಮಾಡಲೇಬೇಕು ಅಂತ ಹಟ ಹಿಡಿಯುವವರಿಗೂ ಒಂದು ಮಾತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ಬರೆದ ಲೇಖನದಲ್ಲಿ ವಿಡಿಯೋ ಮೀಟಿಂಗಿನ ಸುಸ್ತಿಗೆ ಕೆಲವು ಕಾರಣ ಕೊಟ್ಟಿದ್ದಾರೆ. ಅದರಲ್ಲಿ ಒಂದು, ದಿನವಿಡೀ ನಮ್ಮ ಮುಖವನ್ನೇ ನಾವು ನೋಡುತ್ತಿರುವುದು. ಪರದೆಯಲ್ಲಿ ನಮ್ಮ ಚೌಕವನ್ನು ನಮಗೆ ಕಾಣದ ಹಾಗೆ ಮರೆಮಾಡಬಹುದು, ಮಾಡಿ ನೋಡಿ. ಇನ್ನು ನೆಟ್‌ವರ್ಕ್ ಲೆಕ್ಕ. ಬರೀ ದನಿಗೆ ಸೆಕೆಂಡಿಗೆ 100 ಕಿಲೋಬಿಟ್ ಕೂಡ ಬೇಕಾಗುವುದಿಲ್ಲ. ಸ್ಪಷ್ಟವಾದ ವಿಡಿಯೋಗೆ ಅದರ ಹತ್ತು ಪಟ್ಟಿಗೂ ಜಾಸ್ತಿ ಬೇಕು. ಮುಖ ಕಂಡು ಮಾತು ತುಂಡುತುಂಡಾಗಿ ಬಂದರೆ ಏನು ಪ್ರಯೋಜನ?

ಮಾತಿಗಿಂತ ಮೊದಲು ಬರವಣಿಗೆ ಇರಲಿ. ಅಮೆಜಾನ್ ಕಂಪನಿಯಲ್ಲಿ 2004ರಲ್ಲಿ ಜೆಫ್ ಬೆಜೋಸ್ ದೊಡ್ಡ ಮೀಟಿಂಗುಗಳಿಂದ ಪವರ್‌ಪಾಯಿಂಟ್ ತೆಗೆಸಿದರು. ಅದರ ಬದಲು ವಿಷಯವನ್ನು ಪೂರ್ತಿ ವಾಕ್ಯಗಳಲ್ಲಿ ಬರೆದು ತರಬೇಕು. ಮೀಟಿಂಗ್ ಶುರುವಾದಾಗ ಎಲ್ಲರೂ ಸುಮ್ಮನೆ ಕೂತು ಅದನ್ನು ಓದಬೇಕು, ಆಮೇಲೆ ಚರ್ಚೆ. ಅವರ ಹಾಗೆ ನಾವು ಆರು ಪುಟ ಬರೆಯಬೇಕಾಗಿಲ್ಲ, ಅರ್ಧ ಪುಟ ಸಾಕು. ಏನು ತೀರ್ಮಾನ ಆಗಬೇಕು, ಯಾಕೆ, ಇರುವ ದಾರಿಗಳು ಯಾವುವು. ಹಿಂದಿನ ದಿನವೇ ಎಲ್ಲರೂ ತಿದ್ದಬಹುದಾದ ಡಾಕ್ಯುಮೆಂಟ್‌ನಲ್ಲಿ ಹಾಕಿ. ಇಂಗ್ಲಿಷಿನಲ್ಲಿ ಥಟ್ಟನೆ ಮಾತಾಡಲು ಹಿಂಜರಿಯುವವರು ಅಲ್ಲಿ ನಿಧಾನವಾಗಿ ಯೋಚಿಸಿ ಬರೆಯುತ್ತಾರೆ. ಎಷ್ಟೋ ಸಲ ಎಲ್ಲರಿಗಿಂತ ಒಳ್ಳೆಯ ಪ್ರಶ್ನೆ ಅಲ್ಲೇ ಸಿಗುತ್ತದೆ. ಟೀಮಿನಲ್ಲಿ ಎಲ್ಲರಿಗೂ ಕನ್ನಡ ಬರುವುದಾದರೆ ಧಾರಾಳವಾಗಿ ಕನ್ನಡದಲ್ಲೇ ಮಾತಾಡಿ. ಬರೆದ ಮೇಲೆ ಮೀಟಿಂಗೇ ಬೇಡ ಅನಿಸಿದರೆ ಕ್ಯಾನ್ಸಲ್ ಮಾಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ತೀರ್ಮಾನ ಆದದ್ದನ್ನೂ ಅದೇ ಡಾಕ್ಯುಮೆಂಟ್‌ನಲ್ಲಿ ಬರೆದಿಡಿ. ಯಾರು ಮಾಡುತ್ತಾರೆ, ಯಾವತ್ತಿನೊಳಗೆ. ನಡುವೆ ಲೈನ್ ಕಟ್ ಆದವರು ಸಂಜೆ ಅದನ್ನು ಓದಿ ಕೆಲಸ ಮುಂದುವರಿಸಬಹುದು.

ಇನ್ನು ಅಮೆರಿಕದವರ ಜೊತೆಗಿನ ಮೀಟಿಂಗ್. ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ ಏಳು ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ ಏಳೂವರೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಗ ಅದೇ ಮೀಟಿಂಗ್ ನಮಗೆ ಎಂಟೂವರೆಗೆ ಬರುತ್ತದೆ. ಮಕ್ಕಳಿಗೆ ಊಟ ಹಾಕಿ ಮಲಗಿಸುವ ಹೊತ್ತು ಅದು. ಮಾರ್ಚ್‌ವರೆಗೆ ಆ ಒಂದು ಗಂಟೆಯನ್ನು ಯಾವಾಗಲೂ ನಾವೇ ಯಾಕೆ ಬಿಟ್ಟುಕೊಡಬೇಕು? ಒಂದು ವಾರ ನಮ್ಮ ರಾತ್ರಿ ಎಂಟೂವರೆ, ಇನ್ನೊಂದು ವಾರ ನಮ್ಮ ಬೆಳಿಗ್ಗೆ ಎಂಟೂವರೆ. ಆಗ ಅವರಿಗೆ ಸಂಜೆ ಏಳು. ಕೇಳಿದರೆ ಒಪ್ಪುವವರು ಇದ್ದಾರೆ. ಅಕ್ಟೋಬರ್‌ನಲ್ಲೇ ಈ ಮಾತು ಎತ್ತಿ. ನಿಮ್ಮ ಟೀಮಿನವರ ಪರವಾಗಿ ನೀವೇ ಕೇಳಿ.

ನಮಸ್ಕಾರ.